ಇಪ್ಪತ್ತೇಳು ಇಂಚಿನ ಬಾಗಿಲು

ಅಂಗಡಿ ಮುಚ್ಚಲು ಇನ್ನು ನಾಲ್ಕೇ ದಿನ ಎನ್ನುವಾಗ ಊರಿಗೆ ಊರೇ ಒಳಗೆ ನುಗ್ಗಿತ್ತು. ಹತ್ತು ವರ್ಷದಿಂದ ಈ ಕಡೆ ತಲೆಹಾಕದವರೂ ಚೀಲ ಹಿಡಿದು ಬಂದಿದ್ದರು. ‘ಎಲ್ಲವೂ ಮಾರಾಟಕ್ಕಿದೆ’ ಎಂದು ಗಾಜಿನ ಮೇಲೆ ಹಳದಿ ಕಾಗದ ಅಂಟಿಸಿದ್ದನ್ನು ಜನ ಅಕ್ಷರಶಃ ನಂಬಿಬಿಟ್ಟಿದ್ದರು. ಒಬ್ಬ ಕಪಾಟು ಬಿಚ್ಚುತ್ತಿದ್ದ, ಒಬ್ಬಾಕೆ ಗೋಡೆ ಗಡಿಯಾರದ ಬೆಲೆ ಕೇಳುತ್ತಿದ್ದಳು. ಯಾರೋ ಬಂದು ಬೇಡಪ್ಪ ಕೂತಿದ್ದ ಸ್ಟೂಲನ್ನೇ ತೋರಿಸಿ ‘ಇದೆಷ್ಟು?’ ಎಂದರು. ಅವನು ಎದ್ದು, ಸ್ಟೂಲನ್ನು ಬಟ್ಟೆಯಿಂದ ಒರೆಸಿ ಕೊಟ್ಟ.

ಬೇಡಪ್ಪ ಅವನ ನಿಜವಾದ ಹೆಸರಲ್ಲ. ಊರಿನ ಮುಖ್ಯರಸ್ತೆಯ ಈ ಟಿವಿ, ಫ್ರಿಜ್ಜು, ರೇಡಿಯೋಗಳ ಅಂಗಡಿಯಲ್ಲಿ ಅವನು ಮೂವತ್ತೊಂದು ವರ್ಷದಿಂದ ಮಾರಾಟಕ್ಕೆ ನಿಂತವನು. ಗಿರಾಕಿ ಯಾವುದರ ಮೇಲೆ ಕೈಯಿಟ್ಟರೂ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ.

"ಅದು ಬೇಡ. ಮನೇಲಿ ಎಷ್ಟು ಜನ? ಮೂರಾ? ಮತ್ತೆ ಇಷ್ಟು ದೊಡ್ಡ ಫ್ರಿಜ್ಜಲ್ಲಿ ಏನಿಡ್ತೀರಾ, ಗಾಳೀನಾ? ಆ ಮೂಲೇಲಿರೋ ಚಿಕ್ಕದು ಸಾಕು."

ಕೊಳ್ಳಲು ಬಂದವರಿಗೆ ಅಡ್ಡ ನಿಲ್ಲುವ ಇಂಥ ಆಸಾಮಿಯನ್ನು ಬೇರೆ ಯಾರಾದರೂ ಆಗಿದ್ದರೆ ವಾರದೊಳಗೆ ಮನೆಗೆ ಕಳಿಸುತ್ತಿದ್ದರು. ಹಳೆಯ ಯಜಮಾನರು ಮಾತ್ರ ತಮ್ಮ ಕುರ್ಚಿಯಲ್ಲಿ ಕೂತು ಮೀಸೆಯಡಿಯಲ್ಲೇ ನಗುತ್ತಿದ್ದರು. ಏಕೆಂದರೆ ಅವನು ಬೇಡವೆಂದು ತಡೆದ ಗಿರಾಕಿ ಆ ಚಿಕ್ಕದನ್ನು ಕೊಂಡು ಹೋಗಿ, ಮುಂದಿನ ತಿಂಗಳು ಅತ್ತಿಗೆಯನ್ನೂ ಷಡ್ಡಕನನ್ನೂ ಕರೆತರುತ್ತಿದ್ದ. ಕರೆತಂದು, ‘ಇವರನ್ನ ಕೇಳಿ, ಸುಳ್ಳು ಹೇಳಲ್ಲ’ ಎನ್ನುತ್ತಿದ್ದ. ಬೇಡಪ್ಪನಿಗೆ ಜೀವನದಲ್ಲಿ ಸಿಕ್ಕ ಬಿರುದು ಅದೊಂದೇ, ಅದರ ಮೇಲೆ ಅವನಿಗೆ ಪ್ರಾಣ.

ಅವನ ಎರಡನೆಯ ಪ್ರಶ್ನೆ ಇನ್ನೂ ವಿಚಿತ್ರವಾದದ್ದು: "ನಿಮ್ಮ ಮನೆ ಬಾಗಿಲು ಎಷ್ಟು ಅಗಲ?"

ಅದಕ್ಕೊಂದು ಹಿನ್ನೆಲೆಯಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಇನ್ನೂ ‘ಬೇಡ’ ಎನ್ನಲು ಕಲಿಯದ ಕಾಲದಲ್ಲಿ, ಅವನು ಒಬ್ಬ ಕ್ಷೌರಿಕನಿಗೆ ಅಂಗಡಿಯಲ್ಲೇ ಅತಿ ದೊಡ್ಡ ಫ್ರಿಜ್ಜನ್ನು ಮಾರಿದ್ದ. ಆರು ಜನ ಏದುಸಿರು ಬಿಡುತ್ತ ಮೂರು ಮಹಡಿ ಹೊತ್ತರು. ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಅಡ್ಡ ಮಲಗಿಸಿದರು, ತಲೆಕೆಳಗು ಮಾಡಿದರು, ಬೈದರು. ಕೊನೆಗೆ ಕ್ಷೌರಿಕನ ಹೆಂಡತಿ ಮೆಟ್ಟಿಲ ಮೇಲೇ ಅದಕ್ಕೆ ವೈರು ಎಳೆದು ಹಚ್ಚಿದಳು. ಎರಡು ದಿನ ಇಡೀ ಕಟ್ಟಡದವರು ಹೋಗುತ್ತ ಬರುತ್ತ ಬಾಗಿಲು ತೆಗೆದು ಐಸು ತಿಂದರು. ಮೂರನೆಯ ದಿನ ಫ್ರಿಜ್ಜು ವಾಪಸು ಬಂದಾಗ ಯಜಮಾನರು ಬೈಯಲಿಲ್ಲ. ಒಂದು ಅಳತೆ ಟೇಪು ತರಿಸಿ ಅವನ ಅಂಗೈಯಲ್ಲಿಟ್ಟು, "ಮೊದಲು ಬಾಗಿಲು ಕೇಳಪ್ಪ, ಆಮೇಲೆ ಬೆಲೆ ಹೇಳು" ಎಂದರು.

ಅಂದಿನಿಂದ ಟೇಪು ಅವನ ಸೊಂಟ ಬಿಟ್ಟಿರಲಿಲ್ಲ. ಅನುಮಾನವಿದ್ದಲ್ಲಿ ಊಟದ ಬಿಡುವಿನಲ್ಲಿ ತಾನೇ ಹೋಗಿ ಅಳೆದು ಬರುತ್ತಿದ್ದ. ಊರಿನವರ ಮುಖಕ್ಕಿಂತ ಬಾಗಿಲುಗಳೇ ಅವನಿಗೆ ಚೆನ್ನಾಗಿ ನೆನಪಿದ್ದವು. ಹಲ್ಲಿನ ಡಾಕ್ಟರದು ಮೂವತ್ತಾರು ಇಂಚು, ಬೇಕರಿಯವನದು ಮೂವತ್ತನಾಲ್ಕು. ಎಲ್ಲಕ್ಕಿಂತ ಕಿರಿದು ಹೊಲಿಗೆ ಟೀಚರದು, ಇಪ್ಪತ್ತೇಳು. ಅಂಚೆ ಕಚೇರಿಯ ಹಿಂದಿನ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ, ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು ಹುಡುಗಿಯರಿಗೆ ಕಲಿಸುತ್ತಿದ್ದ ಒಂಟಿ ಹೆಂಗಸು ಆಕೆ. ಮೊದಲ ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ಪ್ರತಿಯೊಂದನ್ನೂ ಅವರು ಬೇಡಪ್ಪನನ್ನು ಕೇಳಿಯೇ ಕೊಂಡಿದ್ದರು.

ಅಂಗಡಿಯೂ ಆಗ ಅಂಗಡಿಯ ಹಾಗಿತ್ತು. ನಡುವೆ ಒಂದು ಉದ್ದನೆಯ ಮರದ ಮೇಜು, ಅದರ ಅಂಚಿಗೆ ಸಾಲಾಗಿ ಪ್ಲಗ್ಗುಗಳು. ಬಲ್ಬಿನಿಂದ ಟಿವಿಯವರೆಗೆ ಯಾವುದೂ ಆ ಮೇಜಿನ ಮೇಲೆ ಹಚ್ಚಿ ತೋರಿಸದೆ ಹೊರಗೆ ಹೋಗುವಂತಿರಲಿಲ್ಲ. ಹೊಸ ರೇಡಿಯೋ ಮೊದಲು ಗೊರಗೊರ ಎಂದು, ಆಮೇಲೆ ಒಂದು ದನಿ ಹಿಡಿದಾಗ, ಕೊಳ್ಳಲು ಬಂದ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಬಟ್ಟೆ ಒಗೆಯುವ ಯಂತ್ರ ಬಂದ ಹೊಸತರಲ್ಲಿ ಬೇಡಪ್ಪ ತನ್ನದೇ ಕರವಸ್ತ್ರ ಹಾಕಿ ತೋರಿಸುತ್ತಿದ್ದ. ‘ಊರಲ್ಲೇ ಸ್ವಚ್ಛವಾದ ಕರವಸ್ತ್ರ ನಮ್ಮ ಮನೆಯವರದ್ದು, ಅಂಗಿ ಮಾತ್ರ ಕೇಳಬೇಡಿ’ ಎಂದು ಅವನ ಹೆಂಡತಿ ಎಲ್ಲರೆದುರು ಹಂಗಿಸುತ್ತಿದ್ದಳು. ಆ ದಿನಗಳನ್ನು ನೆನೆದರೆ ಬೇಡಪ್ಪನಿಗೆ ಈಗಲೂ ಹೊಸ ಡಬ್ಬಿ ಬಿಚ್ಚಿದಾಗಿನ ಆ ಥರ್ಮಾಕೋಲಿನ ವಾಸನೆ ಬರುತ್ತಿತ್ತು.

ಇಂಥ ಅಂಗಡಿ ಯಾಕೆ ಮುಳುಗಿತು? ಮುಳುಗಿದ ಮೇಲೆ ಊರಿಗೆಲ್ಲ ಬುದ್ಧಿ ಬಂದಿತ್ತು. ಫೋನಿನಲ್ಲೇ ಎಲ್ಲ ತರಿಸಿಕೊಳ್ಳುತ್ತಾರೆ, ಅದಕ್ಕೇ ಎಂದ ಎದುರಿನ ಚಹಾದವನು. ಬೈಪಾಸಿನಲ್ಲಿ ಗಾಡಿ ನಿಲ್ಲಿಸಲು ಜಾಗವಿರುವ ದೊಡ್ಡ ಮಳಿಗೆ ಬಂತಲ್ಲ ಎಂದ ಔಷಧಿ ಅಂಗಡಿಯವನು. ಯಜಮಾನರು ತೀರಿಕೊಂಡ ಮೇಲೆ ಅಂಗಡಿಯನ್ನು ಕೊಂಡ ಕಂಪನಿಯವರು ಕಾಗದದಲ್ಲಿ ‘ಮಾರುಕಟ್ಟೆಯ ಪರಿಸ್ಥಿತಿ’ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಎಲ್ಲವೂ ನಿಜವೇ ಇರಬೇಕು. ಬೇಡಪ್ಪ ಮಾತ್ರ ಈ ಚರ್ಚೆಗೆ ಬಾಯಿ ಹಾಕುತ್ತಿರಲಿಲ್ಲ. ಅವನಿಗೆ ತನ್ನದೇ ಒಂದು ಕಾರಣ ಗೊತ್ತಿತ್ತು, ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಕಂಪನಿ ಬಂದ ವಾರವೇ ಮರದ ಮೇಜು ಹೋಯಿತು. ಡಬ್ಬಿ ಒಡೆಯಬಾರದು, ಮುದ್ರೆ ಹರಿಯಬಾರದು ಎಂದರು. ಎಲ್ಲರಿಗೂ ಕೆಂಪು ಟೀಶರ್ಟು ಕೊಟ್ಟರು. ಬೇಡಪ್ಪನ ಹೊಟ್ಟೆ ಅದರಲ್ಲಿ ಎದ್ದು ಕಾಣುತ್ತಿತ್ತು. ಆಮೇಲೆ ಬಂದದ್ದು ವಿಸ್ತರಿಸಿದ ವಾರಂಟಿ ಎಂಬ ಕಾಗದ. ಮಾಮೂಲಿ ವಾರಂಟಿಯ ಮೇಲೆ ಇನ್ನೂ ಐದು ವರ್ಷಕ್ಕೆ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಬೇಡಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ್ದ. ಯಂತ್ರಕ್ಕೆ ಏನೇನಾದರೆ ರಿಪೇರಿ ಇಲ್ಲ ಎಂಬ ಪಟ್ಟಿ ಅದು. ಯಾರೂ ಕೇಳದಿದ್ದರೂ ಎಲ್ಲರಿಗೂ ‘ಬೇಡ’ ಎಂದ.

ಮ್ಯಾನೇಜರು ಕೆಟ್ಟವನೇನಲ್ಲ. ಅವನಿಗೂ ಮೇಲಿನವರು ಫೋನು ಮಾಡಿ ಕಿವಿ ಹಿಂಡುತ್ತಿದ್ದರು. ಹಾಗಾಗಿ ಒಳಗಿನ ಕೋಣೆಯಲ್ಲಿ ಬಿಳಿ ಬೋರ್ಡು ಹಾಕಿ, ವಾರಂಟಿ ಮಾರಿದವರ ಹೆಸರಿನ ಮುಂದೆ ನಕ್ಷತ್ರ ಬರೆಯುತ್ತಿದ್ದ. ಬೇಡಪ್ಪನ ಮುಂದೆ ಖಾಲಿ. ಒಂದು ತಿಂಗಳ ಕೊನೆಯ ದಿನ ಬೆಳಿಗ್ಗೆ ಅವನನ್ನು ಕೂರಿಸಿಕೊಂಡು, "ಸಾರ್, ನೀವು ನನ್ನ ತಂದೆ ವಯಸ್ಸಿನವರು. ಇವತ್ತು ಒಂದಾದ್ರೂ ಆಗ್ಲಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ" ಎಂದ. ಬೇಡಪ್ಪನಿಗೆ ಆಗ ಐವತ್ತೈದು. ಬೇರೆಲ್ಲಿ ಹೋಗಿ ಯಾರ ಬಾಗಿಲು ಅಳೆಯಬೇಕು?

ಅವತ್ತು ಮಧ್ಯಾಹ್ನ ಒಳಗೆ ಬಂದದ್ದು ಹೊಲಿಗೆ ಟೀಚರ್. ಮನೆಯ ಬಟ್ಟೆ ಒಗೆಯುವ ಹಳೆಯ ಯಂತ್ರ ಕೈಕೊಟ್ಟಿತ್ತು. ಅವನು ಇಪ್ಪತ್ತೇಳು ಇಂಚಿಗೆ ಹಿಡಿಸುವ ಒಂದನ್ನು ಆರಿಸಿಕೊಟ್ಟ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮ್ಯಾನೇಜರು ದೂರದಿಂದ ನೋಡುತ್ತಿದ್ದ. ಬೇಡಪ್ಪ ಕಾಗದ ತೆಗೆದು, ಬಾಯಿಪಾಠದ ನಾಲ್ಕು ಸಾಲು ಒಪ್ಪಿಸಿದ.

ಟೀಚರ್ ಕಾಗದವನ್ನು ನೋಡಲೇ ಇಲ್ಲ, ಅವನ ಮುಖವನ್ನೇ ನೋಡಿದರು. "ಬೇಕಾ ಇದು?" ಎಂದರು.

"ಬೇಕು ಟೀಚರ್" ಎಂದ ಬೇಡಪ್ಪ.

ಅವರು ಸಹಿ ಹಾಕಿದರು. ಬೋರ್ಡಿನಲ್ಲಿ ನಕ್ಷತ್ರ ಬಿತ್ತು, ಮ್ಯಾನೇಜರು ಬೆನ್ನು ತಟ್ಟಿದ. ಆಮೇಲೆ ಮೂರು ವರ್ಷ ಟೀಚರ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವರಿಗೆ ಗೊತ್ತಾಗಿದೆ, ನಾನು ಸುಳ್ಳುಗಾರ ಎಂದು ತಿಳಿದಿದ್ದಾರೆ, ಅಂಗಡಿಗೆ ಕೇಡು ಅಂಟಿದ್ದೂ ಆ ಸುಳ್ಳಿನಿಂದಲೇ ಎಂದು ಅವನು ಒಳಗೊಳಗೇ ಬೇಯುತ್ತಿದ್ದ. ಈಗ ಕಂಪನಿಯೇ ಮುಳುಗಿ ಆ ಕಾಗದ ಮೂರು ಕಾಸಿನದಾಗಿತ್ತು. ಇನ್ನು ನಾಲ್ಕು ದಿನ ಕಳೆದರೆ ಶಟರು ಇಳಿಯುತ್ತದೆ, ಅಷ್ಟರೊಳಗೆ ಅವರೆದುರು ಮುಖ ತೋರಿಸುವ ಪ್ರಸಂಗ ಬರದಿರಲಿ ಎಂಬುದೊಂದೇ ಅವನ ಆಸೆ.

ಸ್ಟೂಲು ಮಾರಿದ ಅರ್ಧ ಗಂಟೆಗೆ ಟೀಚರ್ ಬಂದರು. ಗುಂಪಿನ ನಡುವೆ ದಾರಿ ಮಾಡಿಕೊಂಡು, ಕಂಕುಳಲ್ಲಿ ಒಂದು ಫೈಲು ಅವುಚಿಕೊಂಡು. ಬೇಡಪ್ಪ ಗುಂಪಿನ ಹಿಂದೆ ಸರಿದ. ಗೋದಾಮಿನ ಕಡೆ ಕಾಲಿಗೆ ಬುದ್ಧಿ ಹೇಳೋಣವೆಂದರೆ ಅಲ್ಲಿ ಯಾರೋ ಬಾಗಿಲನ್ನೇ ಕೊಂಡು ಬಿಚ್ಚುತ್ತಿದ್ದರು.

"ಮಶೀನು ನಡುವೆ ನಿಂತುಬಿಟ್ಟಿದೆ" ಎಂದರು ಟೀಚರ್. "ನೀರು ತುಂಬಿದೆ, ಬಾಗಿಲು ತೆಗಿಯೋಕೆ ಬಿಡ್ತಿಲ್ಲ. ಒಳಗೆ ಶಾಲೆ ನಾಟಕದ ಬಟ್ಟೆ ಇದೆ, ನಾಳೆ ಬೆಳಿಗ್ಗೆ ಕೊಡ್ಬೇಕು. ಆ ಕಾಗದದಲ್ಲಿರೋ ನಂಬರಿಗೆ ಮಾಡ್ದೆ. ಅಸ್ತಿತ್ವದಲ್ಲಿಲ್ಲ ಅಂತು."

"ಸಂಜೆ ಐದಕ್ಕೆ ನಾನೇ ಬರ್ತೀನಿ" ಎಂದ ಬೇಡಪ್ಪ.

ಐದಕ್ಕೆ ಅವನು ಕೆಂಪು ಟೀಶರ್ಟು ತೆಗೆದು, ಮನೆಯಿಂದ ತಂದಿದ್ದ ಅಂಗಿ ಹಾಕಿಕೊಂಡು ಹೊರಟ. ಎರಡನೆಯ ಮಹಡಿ ಹತ್ತಿ ಚೌಕಟ್ಟಿನೆದುರು ನಿಂತಾಗ ಅಭ್ಯಾಸಬಲದಿಂದ ಕೈ ಸೊಂಟದ ಟೇಪಿಗೆ ಹೋಯಿತು. ಚೌಕಟ್ಟಿನ ಮರ ಎರಡೂ ಕಡೆ ಕಿತ್ತುಹೋಗಿ, ಒಳಗಿನ ಬಿಳಿ ತಿರುಳು ಕಾಣುತ್ತಿತ್ತು.

"ಇದೇನಾಯ್ತು?"

"ಹೊಸ ಫ್ರಿಜ್ಜು" ಎಂದರು ಟೀಚರ್, ಅಡಿಗೆಮನೆಯತ್ತ ಕೈ ತೋರಿಸಿ. "ಬೈಪಾಸಿಂದ ತರಿಸಿದ್ದು. ಬಾಗಿಲು ಎಷ್ಟು ಅಗಲ ಅಂತ ಯಾರೂ ಕೇಳ್ಲಿಲ್ಲ. ನನಗೆ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ. ನೀವು ಕೇಳ್ತಿದ್ರಲ್ಲ ಯಾವಾಗ್ಲೂ."

ಅವನು ಯಂತ್ರದ ಮುಂದೆ ನೆಲಕ್ಕೆ ಕೂತ. ಕೆಳಗಿನ ಚಿಕ್ಕ ಮುಚ್ಚಳ ತೆಗೆದು, ತಟ್ಟೆಯೊಡ್ಡಿ ನೀರು ಬಿಟ್ಟು, ಕಸ ತಡೆಯುವ ಜಾಲರಿಯನ್ನು ತಿರುಗಿಸಿ ಎಳೆದ. ಒಳಗೆ ಏಳು ಗುಂಡಿ, ಎರಡು ಕೊಕ್ಕೆ, ಅಂಗುಲ ದಪ್ಪದ ಒಂದು ದಾರದ ಉಂಡೆ. ನೀರು ಹೋದದ್ದೇ ಬಾಗಿಲು ಟಕ್ಕೆಂದು ಬಿಟ್ಟುಕೊಂಡಿತು. ಕಾಗದ ಚಲಾವಣೆಯಲ್ಲಿದ್ದಿದ್ದರೂ ಇದಕ್ಕೆ ಆಗುತ್ತಿರಲಿಲ್ಲ. ‘ಹೊರಗಿನ ವಸ್ತು ಸೇರಿದಲ್ಲಿ ಜವಾಬ್ದಾರಿಯಿಲ್ಲ’, ಹಿಂಬದಿಯ ನಾಲ್ಕನೆಯ ಸಾಲು. ಅವನಿಗೆ ಕಂಠಪಾಠವಾಗಿತ್ತು.

ಒದ್ದೆ ಗುಂಡಿಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ತಲೆಯೆತ್ತದೆ ಅವನು ಹೇಳಿಬಿಟ್ಟ. "ಟೀಚರ್, ಅವತ್ತು ಆ ಕಾಗದ ಬೇಕು ಅಂದೆನಲ್ಲ. ಬೇಡವಾಗಿತ್ತು. ನಿಮಗೆ ಸುಳ್ಳು ಹೇಳ್ದೆ."

"ಗೊತ್ತಿತ್ತು."

ಅವನು ತಲೆಯೆತ್ತಿದ. "ಮತ್ತೆ ಯಾಕೆ ಸಹಿ ಹಾಕಿದ್ರಿ?"

"ನೀವು ಮ್ಯಾನೇಜರ ಕಡೆ ನೋಡ್ತಾ ನೋಡ್ತಾ ಒಪ್ಪಿಸಿದ್ರಿ ರೀ. ಇಪ್ಪತ್ತೆಂಟು ವರ್ಷ ಬೇಡ ಅಂದವರು ಬೇಕು ಅಂತಿದ್ದಾರೆ ಅಂದ್ರೆ ಇವರ ಕುತ್ತಿಗೆ ಮೇಲೆ ಯಾರೋ ಕೂತಿದ್ದಾರೆ ಅಂತ ಗೊತ್ತಾಗಲ್ವಾ? ನನಗೆ ಮಶೀನಿನ ಚಿಂತೆ ಇರ್ಲಿಲ್ಲ."

"ಮತ್ತೆ ಅಂಗಡಿ ಕಡೆ ಬರ್ಲೇ ಇಲ್ಲ. ಸಿಟ್ಟಾಗಿದೀರಿ ಅಂದ್ಕೊಂಡೆ."

ಟೀಚರ್ ನಾಟಕದ ಬಟ್ಟೆಯೊಂದನ್ನು ಹಿಂಡಿದರು. "ಸಿಟ್ಟಲ್ಲ. ಇನ್ನೊಂದ್ಸಲ ನೀವು ಹಾಗೆ ನಿಂತು ಬೇಕು ಅನ್ನೋದನ್ನ ನೋಡೋಕೆ ನನ್ನ ಕೈಲಾಗ್ತಿರ್ಲಿಲ್ಲ. ಆ ಹಲ್ಲಿನ ಡಾಕ್ಟರ ಹೆಂಡ್ತೀನೂ ಅವತ್ತು ಅಲ್ಲೇ ಇದ್ರು, ಇದನ್ನೇ ಅಂದ್ರು. ನಿಮ್ಮ ಮುಖ ನೋಡಿ ಬೇಜಾರಾಗಿ ಬೇರೆ ಕಡೆ ಹೋದ್ವಿ. ನಾವು ಮಾಡಿದ್ದೂ ಸರಿಯಲ್ಲ, ನೋಡಿ."

ಬೇಡಪ್ಪ ಗುಂಡಿಗಳನ್ನು ನೆಲದ ಮೇಲೆ ಸಾಲಾಗಿಟ್ಟ. ಮೂರು ವರ್ಷ ಹೊತ್ತು ತಿರುಗಿದ್ದು ಇಳಿಯಿತು ಎನ್ನುವಷ್ಟರಲ್ಲಿ ಬೇರೊಂದು ದುಃಖ ಬಂದು ಕೂತಿತು. ಆ ಉದ್ದನೆಯ ಮೇಜು, ಕುರ್ಚಿಯಲ್ಲಿ ಕೂತ ಯಜಮಾನರು, ರೇಡಿಯೋದ ಮುಂದೆ ಉಸಿರು ಹಿಡಿದು ನಿಂತ ಮನೆಮಂದಿ, ಎಲ್ಲ ಒಟ್ಟಿಗೇ ನೆನಪಾದವು. ಸಾವರಿಸಿಕೊಳ್ಳಲು ಅವನು ಯಂತ್ರವನ್ನು ಹಚ್ಚಿದ. ಅದು ಗಡಗಡ ಅಲುಗಿತು. ಹಿಂದಿನ ಒಂದು ಕಾಲಿನ ತಿರುಪು ಸವೆದಿತ್ತು.

"ಏನಾದ್ರೂ ದಪ್ಪ ಕಾಗದ ಇದ್ರೆ ಕೊಡಿ, ಕಾಲಡಿ ಇಡೋಣ."

ಟೀಚರ್ ಫೈಲು ಬಿಚ್ಚಿ, ಆ ವಾರಂಟಿಯ ಕಾಗದವನ್ನೇ ಎಳೆದು ಎಂಟು ಮಡಿಕೆ ಮಾಡಿ ಕೊಟ್ಟರು. ಅಳತೆ ಮಾಡಿಸಿದಂತೆ ಸರಿಹೋಯಿತು. ಯಂತ್ರ ಅಲುಗದೆ ಓಡತೊಡಗಿತು. "ಅಂತೂ ಕೆಲಸಕ್ಕೆ ಬಂತು" ಎಂದರು ಟೀಚರ್, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವನು ಹೊರಟು ಆ ಕಿತ್ತುಹೋದ ಚೌಕಟ್ಟಿಗೆ ಕೈಯಿಟ್ಟಾಗ ಟೀಚರ್ ಹಿಂದಿನಿಂದ ಕರೆದರು.

"ಅಲ್ಲಾ, ನಿಮ್ಮಂಗಡೀಲಿ ಹೊಸ ಮಶೀನು ಅರ್ಧ ಬೆಲೆಗೆ ಕೊಡ್ತಿದ್ದಾರಂತೆ. ನಾಳೆ ಬಂದು ಒಂದು ತಗೊಳ್ಳಲಾ?"

ಅವರ ಮುಖದಲ್ಲಿ ನಗುವಿರಲಿಲ್ಲ. ಹಿಂದೆ ಇಸ್ತ್ರಿಪೆಟ್ಟಿಗೆ ಕೊಳ್ಳುವಾಗ ಕೇಳಿದಂತೆಯೇ ಕೇಳಿ, ಉತ್ತರಕ್ಕೆ ಕಾದು ನಿಂತಿದ್ದರು.

"ಬೇಡ ಟೀಚರ್" ಎಂದ ಬೇಡಪ್ಪ. ಕಣ್ಣಿಂದ ನೀರು ದಳದಳ ಇಳಿಯುತ್ತಿದ್ದರೂ ದನಿ ಮಾತ್ರ ಮೊದಲಿನ ಹಾಗೇ ಗಟ್ಟಿಯಾಗಿತ್ತು. "ಇದೇ ಇನ್ನೂ ಐದು ವರ್ಷ ಓಡತ್ತೆ. ಗುಂಡಿ ನೋಡಿ ಹಾಕಿ ಅಷ್ಟೆ."