ಕೋಲು ಮುಟ್ಟಿದ ಕೈ

ಕಿತ್ತಳೆ ಸಿಪ್ಪೆ, ಅದರ ಹಿಂದೆ ಇನ್ನೊಂದು, ದೋಣಿ ಬಿಟ್ಟುಬಂದ ನೊರೆಯಲ್ಲಿ ಕುಣಿಯುತ್ತ ನನ್ನ ನಾಲ್ಕು ಗಾಳಗಳ ನಡುವೆ ತೇಲಿ ಹೋಗುತ್ತಿವೆ, ಇವನಿಗೆ ಸಮುದ್ರವೆಂದರೆ ಕಸದ ಬುಟ್ಟಿ, ಮೋಜಿಗೆ ಮೀನು ಹಿಡಿಯಲು ನನ್ನ ದೋಣಿ ಬಾಡಿಗೆಗೆ ಹಿಡಿದ ಹಲ್ಲಿನ ಡಾಕ್ಟರು, ಮೂರು ದಿನದಿಂದ ಹಿಂಬದಿಯ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಸುಲಿಯುವುದು, ತಿನ್ನುವುದು, ಎಸೆಯುವುದು — ಮೇಲೆ ಸ್ಟಿಯರಿಂಗ್ ಹಿಡಿದು ನಿಂತ ನನಗೆ ಕಾಣುವುದು ಅವನ ಬೋಳು ನೆತ್ತಿ ಮಾತ್ರ, ಬಿಸಿಲಿಗೆ ಬೆಂದು ಕೆಂಪಾಗಿದೆ, ಬೇಯಲಿ. ಮೊದಲ ದಿನ ಏನೂ ಇಲ್ಲ. ನಿನ್ನೆ ಒಂದು ಪ್ಲಾಸ್ಟಿಕ್ ಚೀಲ. ಅದನ್ನೇ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ, ಕ್ಯಾಪ್ಟನ್, ಇದರ ತೂಕ ಎಷ್ಟು ಅಂತ ಬರ್ಕೋತೀರಿ, ಅಂದ, ಫೋಟೊ ತೆಗೆಯುತ್ತಿದ್ದ ನನ್ನ ಬಾಮೈದ ಹಲ್ಲು ಕಿರಿದ, ನನ್ನ ದೋಣಿಯಲ್ಲೇ ನಿಂತು, ಅಕ್ಕನ ಮುಖ ನೋಡಿ ಇಟ್ಟುಕೊಂಡಿದ್ದೇನೆ ಎಂಬುದನ್ನು ಮರೆತು. ನಗಬಾರದು ಎಂದುಕೊಂಡೇ ನಾನೂ ನಕ್ಕೆನೋ ಏನೋ. ನಗಲೇಬೇಕು, ಇವನು ಗಾಳ ಹಾಕುವವರ ಕ್ಲಬ್ಬಿನ ಅಧ್ಯಕ್ಷ, ಮುಂದಿನ ತಿಂಗಳು ಅವರ ಜನ ಒಂದು ವಾರ ಬರುತ್ತಾರೆ, ಯಾರ ದೋಣಿ ಎಂದು ತೀರ್ಮಾನಿಸುವವನು ಇವನೇ, ಇವತ್ತೂ ಬರಿಗೈಯಾದರೆ ನನ್ನ ಅಣ್ಣನ ದೋಣಿಗೆ ಹೋಗುತ್ತೇನೆಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಾನೆ, ನಿಮ್ಮಣ್ಣ ಅಂತೆ, ಮೀನು ಎಲ್ಲಿರತ್ತೆ ಅಂತ ಅವರಿಗೆ ಗೊತ್ತಿರತ್ತಂತೆ.

ಗೊತ್ತಿರತ್ತೆ. ಅಣ್ಣನಿಗೆ ಎಲ್ಲವೂ ಗೊತ್ತಿರುತ್ತದೆ, ಎಲ್ಲವೂ ಕಾಣುತ್ತದೆ, ಹೋದ ವರ್ಷ ಅಷ್ಟು ದೂರದಿಂದ ದುರ್ಬೀನಿನಲ್ಲಿ ನನ್ನ ಕೈ ಕಂಡ ಹಾಗೆ. ಮೀನು ಗಾಳಕ್ಕೆ ಬಿದ್ದ ಮೇಲೆ ಅದು ದೋಣಿಯ ಪಕ್ಕಕ್ಕೆ ಬರುವವರೆಗೆ ಗಾಳದ ಕೋಲು ಒಬ್ಬನದೇ, ಬೇರೆಯವರ ಬೆರಳು ತಾಗಿದರೂ ಆ ಮೀನು ಅವನ ಲೆಕ್ಕಕ್ಕಿಲ್ಲ, ಯಾರೂ ಮುಟ್ಟಿಲ್ಲವೆಂದು ಕ್ಯಾಪ್ಟನ್ ರುಜು ಹಾಕಬೇಕು. ನಾನು ಮುಟ್ಟಿದೆ. ನನ್ನ ದೋಣಿಗೆ ಬಂದ ಒಬ್ಬ ಮುದುಕನಿಗೆ ಬೆರಳುಗಳು ಸೆಟೆದುಕೊಂಡಿದ್ದವು, ಎರಡು ನಿಮಿಷ ಹಿಡಿದುಕೊಟ್ಟೆ, ಸಂಜೆ ರುಜುವನ್ನೂ ಹಾಕಿದೆ. ಮಾರನೆಯ ದಿನ ಅಣ್ಣ ದೋಣಿಯವರ ಸಂಘಕ್ಕೆ ದೂರು ಬರೆದುಕೊಟ್ಟ, ಬಾಡಿಗೆ ದೋಣಿಗಳ ಹೆಸರು ಬರೆಯುವ ಬಂದರಿನ ಹಲಗೆಯಿಂದ ನನ್ನ ಹೆಸರನ್ನು ಒಂದು ವರ್ಷ ಅಳಿಸಿದರು, ಆ ರಾತ್ರಿಯೇ ಅಣ್ಣ ನಮ್ಮನೆಗೆ ಬಂದು ಅಮ್ಮನ ಮಂಚದ ತುದಿಯಲ್ಲಿ ಕೂತು, ನಿಯಮ ಅಂದ್ರೆ ನಿಯಮ ಕಣೋ, ತಮ್ಮ ಆದ್ರೇನು, ಎಂದು ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಊದಿ ಊದಿ ಕುಡಿದ. ಈ ತಿಂಗಳು ಮತ್ತೆ ಬರೆದಿದ್ದಾರೆ, ಎಲ್ಲರಿಗಿಂತ ಕೆಳಗೆ. ಇನ್ನೊಮ್ಮೆ ಅಳಿಸಿದರೆ ಮತ್ತೆ ಬರೆಯುವುದಿಲ್ಲ, ಅಷ್ಟನ್ನು ಅವರು ಬಾಯಿಬಿಟ್ಟೇ ಹೇಳಿದ್ದಾರೆ —

ದಾರ ಸುತ್ತಿದ ರೀಲು ಕಿರುಚಿತು. ಎಡಗಡೆಯ ಕೋಲು ಬಗ್ಗಿದೆ, ನೀರು ಒಡೆದು ಮೇಲೆದ್ದಿತು, ಕತ್ತಿಮೂತಿ, ನೀಲಿ ಬೆನ್ನು, ಆಳುದ್ದಕ್ಕಿಂತ ಹೆಚ್ಚು, ಒಂದು ಕ್ಷಣ ಗಾಳಿಯಲ್ಲೇ ನಿಂತಂತೆ, ಆಮೇಲೆ ಸಮುದ್ರದ ಕೆನ್ನೆಗೆ ಹೊಡೆದ ಸದ್ದು, ಡಾಕ್ಟರ್ ಕೋಲನ್ನು ಕುರ್ಚಿಯ ಕುಳಿಗೆ ಊರಿ ಹಿಡಿದಿದ್ದಾನೆ, ಬಾಮೈದ ಉಳಿದ ಗಾಳಗಳನ್ನು ಎಳೆದುಕೊಳ್ಳುತ್ತಿದ್ದಾನೆ, ನಾನು ಇಂಜಿನ್ ಹಿಂದಕ್ಕೆ ಹಾಕಿ ಮೀನಿನ ಕಡೆಗೇ ದೋಣಿ ನಡೆಸುತ್ತಿದ್ದೇನೆ, ನಿಧಾನ, ಎಡಕ್ಕೆ, ಕೋಲೆತ್ತಿ, ಇಳಿಸ್ತಾ ಸುತ್ತಿ, ಅಂದೆ. ದೋಣಿ ನೆಟ್ಟಗೆ ಇಟ್ಕೊಳ್ರೀ, ನನಗೆ ಹೇಳ್ಕೊಡಬೇಡಿ, ಅಂದ. ಹತ್ತು ನಿಮಿಷ ಬೈದ, ನನ್ನನ್ನು, ದಾರವನ್ನು, ಕುರ್ಚಿಯನ್ನು. ಆಮೇಲೆ ಬೈಗುಳ ನಿಂತಿತು, ಬರೀ ಏದುಸಿರು. ಐವತ್ತು ನಿಮಿಷಕ್ಕೆ ಮೀನು ಆಳಕ್ಕಿಳಿದು ಕೂತಿತು, ದಾರ ನೇರ ಕೆಳಗೆ, ಅವನ ತೋಳು ನಡುಗುತ್ತಿದೆ, ಆ ನಡುಕ ಕಂಡು ನನಗೆ ಒಳಗೊಳಗೇ ಹಬ್ಬ, ಸುಳ್ಳೇಕೆ.

ಇಳಿದು ಬನ್ನಿ, ಅಂದ. ಬಾಮೈದನ ಕೈಗೆ ಸ್ಟಿಯರಿಂಗ್ ಕೊಟ್ಟು ಇಳಿದೆ, ಕುರ್ಚಿಯ ಬೆಲ್ಟು ಬಿಗಿ ಮಾಡಬೇಕೇನೋ ಎಂದುಕೊಂಡೆ. ಅವನು ಕುರ್ಚಿಯ ಕುಳಿಯಿಂದ ಕೋಲಿನ ಬುಡ ಕಿತ್ತು ನನ್ನ ಕಡೆ ಚಾಚಿದ. ತಗೊಳ್ಳಿ, ಮೇಲಕ್ಕೆ ತಂದ್ಕೊಟ್ರೆ ಸಾಕು, ಕೊನೇಲಿ ನಾನು ಹಿಡ್ಕೋತೀನಿ, ಮುಂದಿನ ತಿಂಗಳು ಇಡೀ ಕ್ಲಬ್ಬು ನಿಮ್ಮ ದೋಣಿಗೇ. ಮೇಲಿನಿಂದ ಬಾಮೈದ ಕೂಗಿದ, ಭಾವ, ನಿಮ್ಮಣ್ಣನ ದೋಣಿ ಎಲ್ಲೂ ಕಾಣಲ್ಲ, ಹಿಡ್ಕೊಳ್ಳಿ. ಹೌದು, ನಾಲ್ಕೂ ಕಡೆ ನೀರು. ಆ ಮೀನು ಸೋತಿದೆ, ನನ್ನ ಅಂಗೈಗೆ ಗೊತ್ತು, ಹತ್ತು ನಿಮಿಷದ ಕೆಲಸ, ಆಮೇಲೆ ಫೋಟೊ, ಇವನ ಆಸ್ಪತ್ರೆಯ ಗೋಡೆಯ ಮೇಲೆ, ಬಾಯಿ ತೆರೆದು ಮಲಗಿದವರ ಕಣ್ಣೆದುರಿಗೆ, ಹತ್ತಿ ತುರುಕಿದ ಬಾಯಿಗಳಿಗೆ ಇವನು ಎಂದಾದರೊಂದು ದಿನ ನಗುತ್ತ ಹೇಳುತ್ತಾನೆ, ನಿಜ ಹೇಳ್ಲಾ, ಅದನ್ನ ಎಳೆದಿದ್ದು ಕ್ಯಾಪ್ಟನ್ನು. ಅಷ್ಟು ಸಾಕು. ಅಣ್ಣನಿಗೆ ದುರ್ಬೀನೂ ಬೇಡ. ಅದೂ ಅಲ್ಲ, ಅದಷ್ಟೇ ಅಲ್ಲ, ಈ ಕೋಲು, ತುದಿ ನೀರಿನತ್ತ ಬಾಗಿ ಮೀನಿನ ಪ್ರತಿ ಮಿಸುಕಾಟಕ್ಕೂ ತಲೆಯಾಡಿಸುತ್ತಿದೆ, ಬುಡ ನನ್ನ ಹೊಟ್ಟೆಯತ್ತ, ಚಾಚಿದ ಕೋಲು, ನನ್ನ ಬೆರಳುಗಳು ಆಗಲೇ ಅರ್ಧ ಮಡಚಿವೆ, ಗೇಣು ದೂರ, ಕೋಲು —

ಹಿಡೀರೀ, ಬಿದ್ದುಹೋಗತ್ತೆ.

ಬೀಳಲಿ, ನಾನು ಮುಟ್ಟಲ್ಲ.