ಮೂರು ಸಲ ಸುಟ್ಟ ದಾನಪತ್ರ

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಚೇತನಕುಮಾರನಿಗೆ ಸಿಕ್ಕಿ, ೨೦೦೧ರಲ್ಲಿ ಗಂಡಹೆಂಡತಿ ಅಲ್ಲಿನ ಫೊಯರ್‌ಬಾಕ್‌ಗೆ ಬಂದರು. ಅವನಿಗೆ ನೌಕರಿ ಇತ್ತು. ಮಧುಮತಿಗೆ, ಒಂದು ವರ್ಷ ನೌಕರಿ ಮಾಡುವ ಹಾಗಿಲ್ಲ ಎಂಬ ಕಾಗದ ಇತ್ತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದ ಅವಳು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕ್ಲಿಂಗರ್ ಅವರ ತರಗತಿಗೆ ಹೋಗಿ ಕೂರತೊಡಗಿದಳು. ಕೂರುವುದಕ್ಕೆ ಪರ್ಮಿಟ್ ಬೇಕಿರಲಿಲ್ಲ.

ಕ್ಲಿಂಗರ್ ಇಪ್ಪತ್ತು ವರ್ಷಗಳಿಂದ ಒಬ್ಬನನ್ನೇ ಓದುತ್ತಿದ್ದರು: ತನ್ನ ಮಠದ ಚರಿತ್ರೆ ಬರೆದ ಹನ್ನೆರಡನೇ ಶತಮಾನದ ಇಂಗ್ಲಿಷ್ ಸನ್ಯಾಸಿ ಆಲ್ಡ್ರೆಡ್. ರಾಜರು ಕೊಟ್ಟ ದಾನಪತ್ರಗಳು ಮೂರು ಸಲ ಬೆಂಕಿಗೆ ಸಿಕ್ಕವು, ಹಿರಿಯರ ನೆನಪಿನಿಂದ ತಾನು ಮತ್ತೆ ಬರೆದಿಟ್ಟೆ ಎಂದು ಅವನು ಹೇಳಿಕೊಂಡಿದ್ದ. ಕ್ಲಿಂಗರ್ ಅದನ್ನು ತರಗತಿಯಲ್ಲಿ ಎದ್ದು ನಿಂತೇ ಓದುತ್ತಿದ್ದರು.

ಮಧುಮತಿ ಇಂಗ್ಲಿಷ್ ಅನುವಾದವನ್ನು ಎರಡು ಸಲ ಓದಿದಳು. ಪ್ರತಿ ಬೆಂಕಿಯಲ್ಲೂ, ನೆರೆಯ ಜಮೀನ್ದಾರ ತಕರಾರು ತೆಗೆದ ಹೊಲದ ಪತ್ರವಷ್ಟೇ ಸುಟ್ಟಿತ್ತು. ಅದೇ ಪೆಟ್ಟಿಗೆಯ ಪ್ರಾರ್ಥನೆ ಪುಸ್ತಕಗಳಿಗೆ ಹೊಗೆ ಕೂಡ ತಾಗಿರಲಿಲ್ಲ.

ಗದಗಿನ ಕಡೆಯ ಅವರ ಊರಿನ ಮಠದ ಇತಿಹಾಸ ಬರೆದವನು ಅವಳ ಅಜ್ಜ ಬಾಳಪ್ಪ. ಹೊಲದ ದಾನ ಕೆತ್ತಿದ್ದ ತಾಮ್ರಪಟ ಹೊಳೆಯಲ್ಲಿ ಹೋಯಿತೆಂದು ಅದರಲ್ಲಿ ಬರೆದಿದ್ದ. ಅವನಿಗೆ ಫೋನ್ ಮಾಡಿದಳು.

"ಅಜ್ಜಾ, ನಮ್ಮ ಮಠದ ತಾಮ್ರಪಟ ಖರೇನ ಹೊಳ್ಯಾಗ ಹೋತೇನು?"

"ಯಾರ ಕೇಳ್ಯಾರ?"

"ನಾನ ಕೇಳಾಕತ್ತೀನಿ."

"ಹಂಗಾದ್ರ, ಇರಲೇ ಇಲ್ಲವ್ವ. ಆದ್ರ ಗುಡಿ ಹಿಂದಿನ ಹೊಲ ಮಠದ್ದ. ಊರಿಗೆಲ್ಲಾ ಗೊತ್ತಿತ್ತು. ಕೋರ್ಟಿಗೊಂದ ಗೊತ್ತಿರಲಿಲ್ಲ."

ಮುಂದಿನ ವಾರ ಅವಳು ಕ್ಲಿಂಗರ್‌ಗೆ ಮೂರು ಬೆಂಕಿಗಳ ಪಟ್ಟಿ ತೋರಿಸಿದಳು. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಇದು ನಿಮಗೆ ಹೇಗೆ ಹೊಳೆಯಿತು?"

ಅಜ್ಜನ ಮಾತು ಎತ್ತಬಾರದೆಂದು ಅವಳು ಟ್ರಾಮಿನಲ್ಲೇ ನಿಶ್ಚಯಿಸಿದ್ದಳು. ಬೇರೇನೂ ಬಾಯಿಗೆ ಬರಲಿಲ್ಲ. "ನಮ್ಮಜ್ಜನೂ ಇದೇ ಕೆಲಸ ಮಾಡಿದ್ದಾರೆ," ಎಂದಳು.

"ಹಾಗಾದರೆ ಆಲ್ಡ್ರೆಡ್ ಸುಳ್ಳುಗಾರ," ಎಂದರು ಕ್ಲಿಂಗರ್. ಅವರ ದನಿ ಕುಸಿದಿತ್ತು.

"ಪತ್ರ ಸುಳ್ಳು. ಹೊಲ ಮಠದ್ದೇ ಇದ್ದಿರಬಹುದು."

ಚಳಿಗಾಲವೆಲ್ಲ ಇಬ್ಬರೂ ಹುಡುಕಿದರು. ಫೆಬ್ರುವರಿಯಲ್ಲಿ, ಆ ಜಮೀನ್ದಾರನ ಮನೆತನದ್ದೇ ಹಳೆಯ ದಾಖಲೆಯೊಂದು ಅಚ್ಚಾದ ಸಂಪುಟದಲ್ಲಿ ಸಿಕ್ಕಿತು. ಎರಡು ಹೊಲ ನಿಜಕ್ಕೂ ಮಠದವು. ಮೂರನೆಯದು ಅಲ್ಲ. ಅದನ್ನು ಆಲ್ಡ್ರೆಡ್ ಹೇಗೂ ಬರೆಯುತ್ತಿದ್ದೇನಲ್ಲ ಎಂದು ಸೇರಿಸಿಕೊಂಡಂತಿತ್ತು.

ಕ್ಲಿಂಗರ್ ಮೊದಲ ಸಲ ಜೋರಾಗಿ ನಕ್ಕರು. ಅಚ್ಚಿಗೆ ಹೊರಟಿದ್ದ ತಮ್ಮ ಪುಸ್ತಕದಿಂದ ಒಂದು ಅಧ್ಯಾಯ ಕಿತ್ತರು. ಅದೇ ವಿಷಯದ ಮೇಲೆ ಪಿಎಚ್.ಡಿ. ಮಾಡಲು ಮಧುಮತಿಯನ್ನು ಸೇರಿಸಿಕೊಂಡರು.

"ಅಂದ್ರ, ಸ್ವಾಮಿ ಒಬ್ಬಾಂವ ಹೊಲ ನುಂಗ್ಯಾನಂತ ನಿನಗ ಡಾಕ್ಟರೇಟ್?" ಎಂದ ಚೇತನಕುಮಾರ.

"ಒಂದ ಹೊಲ," ಎಂದಳು ಮಧುಮತಿ. "ಎರಡು ಅವರವ ಇದ್ದವು."