ಹಲಗೆಯ ಮೇಲಿನ ಉದಾಹರಣೆ

ಶಿರಹಟ್ಟಿಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದ ಅಂದಾನಪ್ಪ ಸರ್‌ಗೆ ಒಂದೇ ಪ್ರಶ್ನೆಯನ್ನು ಯಾರಾದರೂ ಎರಡನೇ ಸಲ ಕೇಳಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಅದು ಇಡೀ ಕ್ಲಾಸಿಗೆ ಗೊತ್ತಿದ್ದ ವಿಷಯ. ಶೀತಲ್‌ಗೂ ಗೊತ್ತಿತ್ತು. ಆದರೂ ಅವತ್ತು ಎದ್ದು ನಿಂತಳು, ಯಾಕೆಂದರೆ ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ.

"ಸರ್, ಸಿಮಿಲಿಗೂ ಮೆಟಫರಿಗೂ ಏನ್ ಫರಕ್ರಿ? ಎರಡೂ ಹೋಲಿಕಿನೇ ಅಲ್ರಿ?"

"ಈಗಷ್ಟ ಹೇಳೇನಲ್ಲ?"

"ತಿಳೀಲಿಲ್ರಿ ಸರ್."

ಸರ್ ಅವಳನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಶೀತಲ್ ತುಸು ದಪ್ಪ, ಬಣ್ಣ ಕಪ್ಪು. ಅವರು ತಿರುಗಿ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದರು: ಶೀತಲ್ ಈಸ್ ಲೈಕ್ ಎ ಬಫೆಲೊ.

"ಇದು ಸಿಮಿಲಿ. ಶೀತಲ್ ಎಮ್ಮಿ ಇದ್ದಂಗ ಅದಾಳ. ಈಗ ನೋಡ್ರಿ." ಡಸ್ಟರ್ ತೆಗೆದುಕೊಂಡು 'ಲೈಕ್' ಎಂಬುದನ್ನು ಒರೆಸಿಹಾಕಿದರು. "ಶೀತಲ್ ಈಸ್ ಎ ಬಫೆಲೊ. ಶೀತಲ್ ಎಮ್ಮಿನ ಅದಾಳ. ಇದು ಮೆಟಫರ್. ಈಗರ ತಿಳೀತಿಲ್ಲೊ? ಎಲ್ಲಾರೂ ಬರಕೊಳ್ರಿ."

ಕ್ಲಾಸು ಗೊಳ್ಳೆಂದಿತು. ಆಮೇಲೆ ನಗು ನಿಂತು ಪೆನ್ನುಗಳ ಸದ್ದು ಶುರುವಾಯಿತು. ನಗುವಿಗಿಂತ ಆ ಸದ್ದೇ ಶೀತಲ್‌ಗೆ ಹೆಚ್ಚು ಚುಚ್ಚಿತು. ಪಕ್ಕದಲ್ಲಿದ್ದ ಗೆಳತಿ ಮಹೆಕ ಕೂಡ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಬರೆಯದಿದ್ದರೆ ಅವಳಿಗೆ ಪೆಟ್ಟು.

ತಿಳಿಯಿತು ಎಂಬುದೇನೋ ಖರೆ. 'ಲೈಕ್' ಇರುವಷ್ಟು ಹೊತ್ತು ಎಮ್ಮೆ ಅತ್ತ, ತಾನು ಇತ್ತ. ನಡುವೆ ನಿಂತುಕೊಳ್ಳಲು ಒಂದಿಷ್ಟು ಜಾಗವಿತ್ತು. ಒರೆಸಿದ ಕೂಡಲೇ ಆ ಜಾಗ ಹೋಯಿತು. ಇಷ್ಟು ಚೆನ್ನಾಗಿ ಯಾವ ಪಾಠವೂ ಅವಳ ತಲೆಗೆ ಹೊಕ್ಕಿರಲಿಲ್ಲ.

ಊಟದ ಬಿಡುವಿನೊಳಗೇ ಅವಳಿಗೆ ಹೊಸ ಹೆಸರು ಬಂತು. ನಳದ ಹತ್ತಿರ ಹೋದರೆ "ಬಫೆಲೊ ನೀರಿಗೆ ಬಂತಲೇ!" ಎನ್ನುವುದು, ಮೆಟ್ಟಿಲು ಹತ್ತಿದರೆ ಹಿಂದಿನಿಂದ ಎಮ್ಮೆಯಂತೆ ಕೂಗುವುದು. ಆರನೇ ತರಗತಿಯ ಮಕ್ಕಳಿಗೂ ಅದು ಬಾಯಿಪಾಠವಾಯಿತು.

ಮನೆಯಲ್ಲಿ ಅಪ್ಪನಿಗೆ ಹೇಳಿದಳು. ಅಪ್ಪ ದ್ಯಾಮಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ಲಕ್ಷ್ಮೇಶ್ವರದಿಂದ ಗದಗಿನ ತನಕ ತುಂಬಿದ ಬಸ್ಸಿನಲ್ಲಿ ಎಂಥವರನ್ನೂ ಗದರಿಸಿ ಒಳಗೆ ಸರಿಸುವ ಮನುಷ್ಯ. ಆದರೆ ಮಾಸ್ತರರ ಹೆಸರು ಬಂದರೆ ದನಿ ತಾನಾಗಿ ಇಳಿಯುತ್ತಿತ್ತು.

"ಸರ್ ನನಗ ಎಮ್ಮಿ ಅಂದ್ರಪ್ಪಾ."

"ಚಾಷ್ಟಿ ಮಾಡಿರ್ತಾರ ಬಿಡವಾ. ಕಲಿಸೋರು ಒಂದ್ ಮಾತು ಅಂದ್ರ ಮೈಗೆ ಹಚಗೋಬಾರ್ದು."

ಹಲಗೆಯ ಮೇಲೆ ಬರೆದದ್ದನ್ನು ಹೇಳುವಷ್ಟರಲ್ಲಿ ಅಪ್ಪ ಎದ್ದು ಹೋಗಿದ್ದ. ಸಿಟ್ಟು ಮಾತ್ರ ಹೊಟ್ಟೆಯಲ್ಲೇ ಉಳಿಯಿತು.

ಆಮೇಲೆ ಕಿರುಪರೀಕ್ಷೆ ಬಂತು. ನಿಮ್ಮದೇ ಒಂದು ಮೆಟಫರ್ ಬರೆಯಿರಿ ಎಂಬ ಪ್ರಶ್ನೆ ಇತ್ತು. ಎಲ್ಲರೂ ಗೈಡಿನಲ್ಲಿದ್ದ ಸಿಂಹವನ್ನೋ ನಕ್ಷತ್ರವನ್ನೋ ಬರೆದರು. ಶೀತಲ್ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಎಮ್ಮೆ, ಕತ್ತೆ, ನಾಯಿ ಎಲ್ಲವೂ ನಾಲಗೆ ತುದಿಗೆ ಬಂದವು. ಅವನ್ನೆಲ್ಲ ಬಿಟ್ಟು, ತನಗೆ ಏನಾಗಿತ್ತೋ ಅದನ್ನೇ ಬರೆದಳು: ಅವರ್ ಸರ್ಸ್ ಟಂಗ್ ಈಸ್ ಎ ಥಾರ್ನ್. ನಮ್ಮ ಸರ್ ಅವರ ನಾಲಗೆ ಮುಳ್ಳು.

ಮರುದಿನ ಅಪ್ಪನಿಗೆ ಕರೆ ಹೋಯಿತು.

ಹೆಡ್ ಮೇಡಂ ಮಾಸುಮಬಿ ಅವರ ಕೋಣೆಗೆ ದ್ಯಾಮಪ್ಪ ಡ್ಯೂಟಿಯ ಖಾಕಿಯಲ್ಲೇ ಬಂದ. ಕುರ್ಚಿ ತೋರಿಸಿದರೂ ಕೂರದೆ, ಅಲ್ಲಿ ನಿಲ್ಲಿಸಿದ್ದ ಶೀತಲ್ ಪಕ್ಕದಲ್ಲೇ ನಿಂತ. ಅಂದಾನಪ್ಪ ಸರ್ ಉತ್ತರಪತ್ರಿಕೆಯನ್ನು ಮೇಜಿಗೆ ಬಡಿದರು.

"ನೋಡ್ರಿ ಮೇಡಂ, ಕಲಿಸಿದ ಮಾಸ್ತರಗ ಮುಳ್ಳು ಅಂತ ಬರೀತಾಳ. ಇಂಥಾಕೀನ ಕ್ಲಾಸಿನ್ಯಾಗ ಹ್ಯಾಂಗ ಇಟಗೊಳ್ಳೂದು?"

"ತಪ್ಪಾತ್ರಿ ಸರ್, ಸಣ್ಣ ಹುಡುಗಿ, ಮಾಫ್ ಮಾಡ್ರಿ," ಎಂದು ದ್ಯಾಮಪ್ಪ ಕೈ ಮುಗಿದ. ಅಪ್ಪ ತನಗಿಂತ ಎಷ್ಟೋ ಚಿಕ್ಕ ವಯಸ್ಸಿನ ಸರ್ ಎದುರು ಹಾಗೆ ಬಗ್ಗಿದ್ದನ್ನು ಕಂಡು ಶೀತಲ್‌ಗೆ ಕಣ್ಣು ಉರಿಯಿತು. ಎಮ್ಮೆ ಎನಿಸಿಕೊಂಡಾಗಲೂ ಇಷ್ಟು ಉರಿದಿರಲಿಲ್ಲ.

"ನೀ ಯಾಕ ಕೈ ಮುಗೀತಿಯಪ್ಪಾ?" ಎಂದಳು. "ಸರ್ ನನ್ನ ಹೆಸರು ಹಲಗಿ ಮ್ಯಾಲೆ ಬರದು ಬಫೆಲೊ ಅಂದ್ರು. ಎಲ್ಲಾರಿಗೂ ನೋಟ್‌ಬುಕ್ಕಿನ್ಯಾಗ ಬರಕೊಳ್ಳಾಕ ಹಚ್ಚಿದ್ರು."

ಮೇಡಂ ಸರ್ ಕಡೆ ತಿರುಗಿದರು. "ಖರೇನ್ರಿ?"

"ಅದು ಉದಾಹರಣಿರೀ ಮೇಡಂ. ಭಾಷಾದ ಅಲಂಕಾರ. ಖರೇನ ಎಮ್ಮಿ ಅಂದಂಗ ಅಲ್ಲ."

"ನಂದೂ ಉದಾಹರಣಿನರಿ," ಎಂದಳು ಶೀತಲ್. "ನಿಮ್ಮ ನಾಲಿಗ್ಯಾಗ ಖರೇನ ಮುಳ್ಳು ಅದಾವು ಅಂತ ನಾ ಎಲ್ಲಿ ಬರದೇನ್ರಿ?"

ಸರ್ ಮುಖ ಕೆಂಪಾಯಿತು. ದ್ಯಾಮಪ್ಪ ಮಾತ್ರ ಮಗಳ ಮೊದಲಿನ ಮಾತಿನಲ್ಲೇ ಸಿಕ್ಕಿಕೊಂಡಿದ್ದ.

"ಹಲಗಿ ಮ್ಯಾಲೆ ಬರದ್ರ್ಯಾ?" ಎಂದು ಕೇಳಿದ. "ಹುಡುಗ್ರಿಗೆ ಬರಕೊಳ್ಳಾಕ ಹೇಳಿದ್ರ್ಯಾ? ನಾ ಬಾಯಿ ಮಾತಿನ ಚಾಷ್ಟಿ ಅಂತ ತಿಳದಿದ್ದೆ."

ಸರ್ ಕಿಟಕಿಯ ಕಡೆ ನೋಡುತ್ತ, "ಅದೆಲ್ಲಾ ಇರ್ಲಿ, ಆಕಿ ಮದ್ಲ ನನಗ ಕ್ಷಮಾ ಕೇಳ್ಬೇಕು," ಎಂದರು.

ದ್ಯಾಮಪ್ಪನ ಮುಗಿದಿದ್ದ ಕೈಗಳು ಕೆಳಗಿಳಿದವು. ಮಾತಾಡಿದಾಗ ಬಂದದ್ದು ಬಸ್ಸಿನಲ್ಲಿ ಗದರಿಸುವ ದನಿ. "ಆಕಿ ಕೇಳೂದಿಲ್ರಿ. ನಾನೂ ಈಗ ಕೇಳಿದ್ದನ್ನ ವಾಪಸ್ ತಗೊಂಡೆ. ನನ್ನ ಮಗಳು ತಿಳೀಲಿಲ್ಲ ಅಂತ ಕೇಳಾಕ ಎದ್ದು ನಿಂತ್ರ ದನದ ಸಾಲಿಗೆ ಕಟ್ತೀರಿ. ಹಂಗಾರ ತಿಳೀದ ಹುಡುಗ್ರು ಎಲ್ಲಿ ಹೋಗಿ ಕೇಳ್ಬೇಕ್ರಿ?"

ಮೇಡಂ ಕನ್ನಡಕ ಹಾಕಿಕೊಂಡು ಉತ್ತರವನ್ನು ಮತ್ತೊಮ್ಮೆ ಓದಿದರು.

"ಮೆಟಫರ್ ಬರೋಬ್ಬರಿ ಐತಿ ಅಂದಾನಪ್ಪ ಸರ್. ಮಾರ್ಕ್ಸ್ ಕೊಡ್ರಿ. ನಾಳಿ ಮೊದಲ ತಾಸಿಗೆ ಆ ಬಫೆಲೊ ವಾಕ್ಯ ಎಲ್ಲಾರ ನೋಟ್‌ಬುಕ್ಕಿನ್ಯಾಗೂ ಹೊಡದು ಹಾಕಸ್ರಿ. ನಾನೂ ಬಂದು ನಿಂದರ್ತೀನಿ."

ಹೊರಗೆ ಬಂದ ಮೇಲೆ ದ್ಯಾಮಪ್ಪ ಮಗಳ ಹೆಗಲ ಮೇಲೆ ಕೈಯಿಡಲು ಹೋದ. ಶೀತಲ್ ಸರಿದು ನಿಂತಳು. ತಾನು ಹೇಳಿದ್ದನ್ನು ಅಪ್ಪ ಅವತ್ತೇ ಕೇಳಿಸಿಕೊಂಡಿದ್ದರೆ ಇಷ್ಟು ದಿನ ಆ ಕೂಗು ಕೇಳಬೇಕಿರಲಿಲ್ಲ ಎಂದು ಅವಳ ಸಿಟ್ಟು. ಅದು ಅವನಿಗೂ ಹೊಳೆಯಿತೇನೋ, ಟೋಪಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮರುದಿನ ಮೇಡಂ ಬಾಗಿಲಲ್ಲಿ ನಿಂತರು. ಅಂದಾನಪ್ಪ ಸರ್ ಯಾರ ಮುಖವನ್ನೂ ನೋಡದೆ, "ಆ ವಾಕ್ಯ ಹೊಡದು ಹಾಕ್ರಿ," ಎಂದು ಗೈಡಿನಿಂದ ಬೇರೊಂದನ್ನು ಬರೆಸಿದರು. ಯಾಕೆ ಎಂದು ಹೇಳಲಿಲ್ಲ. ತಪ್ಪಾಯಿತು ಎನ್ನಲಿಲ್ಲ. ಮಹೆಕ ಎಷ್ಟು ಒತ್ತಿ ಗೀಚಿದಳೆಂದರೆ ಹಾಳೆ ಹರಿದು ಅಡಿಯ ಪುಟಕ್ಕೂ ತೂತು ಬಿತ್ತು. ಬಹಳ ಹುಡುಗರು ಕೂಗುವುದನ್ನು ಬಿಟ್ಟರು. ಹಿಂದಿನ ಬೆಂಚಿನ ಒಬ್ಬಿಬ್ಬರು ಬಿಡಲಿಲ್ಲ.

ಉತ್ತರಪತ್ರಿಕೆ ವಾಪಸ್ಸು ಬಂದಾಗ ಮೊದಲು ಹೊಡೆದಿದ್ದ ಕೆಂಪು ಗೀಟಿನ ಪಕ್ಕದಲ್ಲಿ ಸಣ್ಣದಾಗಿ ಪೂರ್ತಿ ಮಾರ್ಕ್ಸ್ ಹಾಕಿತ್ತು. ಮಹೆಕ ಖುಷಿಯಿಂದ ತೋರಿಸಿದಳು. ಶೀತಲ್ ಅದನ್ನು ನೋಡಿ ಪತ್ರಿಕೆ ಮಡಚಿಟ್ಟಳು. ಅವಳು ಕಾಯುತ್ತಿದ್ದದ್ದು ಸರ್ ಬಾಯಿಂದ ಬರಬೇಕಿದ್ದ ಬೇರೆ ಒಂದು ಮಾತಿಗೆ. ಅದು ವರ್ಷ ಮುಗಿದರೂ ಬರಲಿಲ್ಲ.